ಹೂಂಗುಟ್ಟುವ ಜೀಪು

ಶಿರಾದ ಯೂನುಸ್ ಹೋದ ಬುಧವಾರ ಮಧ್ಯಾಹ್ನ ಸತ್ತ. ಐವತ್ತೊಂಬತ್ತು ವರ್ಷ. ಮಧುಗಿರಿಯಲ್ಲಿ ಪಾವಗಡದ ರಸ್ತೆಗೆ ತಾಗಿಕೊಂಡಿದ್ದ ಅವನ ಷೆಡ್ಡಿನ ಮುಂದೆ, ಆಗಷ್ಟೇ ರಿಪೇರಿ ಮುಗಿದಿದ್ದ ಒಂದು ಹಳೇ ಜೀಪಿನ ಮೆಟ್ಟಿಲಿಗೆ ತಲೆ ಆನಿಸಿ, ನೆಲದ ಮೇಲೆ ಕೂತ ಹಾಗೇ ಹೋಗಿಬಿಟ್ಟಿದ್ದ. ಹೃದಯ ಎಂದರು ಡಾಕ್ಟರು. ಅದೇ ಜೀಪಿನಲ್ಲಿ ಅವನನ್ನು ಶಿರಾಕ್ಕೆ ತಂದರು. ರಾತ್ರಿಯ ನಮಾಜಾದ ಮೇಲೆ ಮಣ್ಣು ಮಾಡಿದರು.

ಜೀಪು ಓಡಿಸಿಕೊಂಡು ಬಂದವನು ಅದರ ಯಜಮಾನ ಕದರಪ್ಪ. ಮಧುಗಿರಿ ಬಿಟ್ಟು, ಬಡವನಹಳ್ಳಿ ದಾಟಿ, ಶಿರಾ ಮುಟ್ಟುವವರೆಗೂ ಅವನು ಹಿಂದೆ ಮಲಗಿದ್ದ ಯೂನುಸನ ಜೊತೆ ಮಾತಾಡುತ್ತಲೇ ಇದ್ದನಂತೆ. ಒಂದೊಂದು ಮಾತಾದ ಮೇಲೂ ನಿಲ್ಲಿಸಿ ಕಾಯುತ್ತಿದ್ದನಂತೆ. ಆರು ತಿಂಗಳಿಂದ ಮಾತಿಗೆಲ್ಲ ಹೂಂಗುಟ್ಟುತ್ತಿದ್ದ ಜೀಪು ಅವತ್ತು ಒಂದು ಸಲವೂ ಹೂಂ ಅನ್ನಲಿಲ್ಲ.

"ಅಷ್ಟು ಚೆನ್ನಾಗಿ ರಿಪೇರಿ ಮಾಡ್ಬುಟ್ಟಿದ್ದ ಕಣಪ್ಪ" ಎಂದು ಹೇಳಿ, ಖಬರಸ್ತಾನದ ಗೋಡೆಯ ಹೊರಗೆ ಕುಕ್ಕರುಗಾಲಲ್ಲಿ ಕೂತು ಅತ್ತ.

ಯೂನುಸನ ತಂದೆ ಕರೀಮ್ ಸಾಬ್ ಶಿರಾದಲ್ಲಿ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದವರು. ಬೆರಣಿ ಪೇರಿಸಿ ಬೆಂಕಿ ಹಾಕಿ, ಕೆಂಪಗೆ ಕಾದ ಪಟ್ಟಿಯನ್ನು ಮರದ ಚಕ್ರಕ್ಕೆ ತೊಡಿಸಿ, ಸುತ್ತಿಗೆಯಲ್ಲಿ ಬಡಿದು ನೀರು ಹೊಯ್ಯುವ ಕೆಲಸ. ಗಾಡಿ ಕಿರುಗುಟ್ಟುತ್ತದೆ ಎಂದು ಯಾರಾದರೂ ಬಂದರೆ ಅವರು ಒಂದು ಜಾಲಿ ಕಡ್ಡಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಅಚ್ಚಿಗೆ ಆನಿಸಿ, ಗಾಡಿ ತಳ್ಳುವಂತೆ ಕೈಸನ್ನೆ ಮಾಡುತ್ತಿದ್ದರು. ಕಬ್ಬಿಣದ ಮಾತು ಕಿವಿಗಲ್ಲ, ಮೂಳೆಗೆ ಬರುತ್ತದೆ ಅನ್ನುವುದು ಅವರ ಮಾತು. ಗಿರಾಕಿಗಳನ್ನು ಬೆರಗುಗೊಳಿಸಲು ಅಪ್ಪ ಆಡುವ ಆಟ ಅದು ಎಂದು ಯೂನುಸ್ ತುಂಬಾ ವರ್ಷ ನಂಬಿಕೊಂಡಿದ್ದ.

ಗಾಡಿಗಳಿಗೆ ರಬ್ಬರ್ ಟೈರು ಬಂದು ಅಪ್ಪನ ಕೆಲಸ ನಿಂತಿತು. ಯೂನುಸ್ ಮಧುಗಿರಿಗೆ ಬಂದು ಮೋಟಾರು ಕೆಲಸ ಕಲಿತ. ಆಮೇಲೆ ತನ್ನದೇ ಷೆಡ್ಡು ಹಾಕಿದ. ಸ್ಟೇರಿಂಗ್ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. "ಇಂಜಿನ್ ಕೆಟ್ರೆ ಬಂಡಿ ನಿಲ್ತದೆ. ಸ್ಟೇರಿಂಗ್ ಕೈ ಬಿಟ್ರೆ ಬಂಡಿ ಎಲ್ಲಿ ನಿಲ್ತದೋ ಅಲ್ಲಾಗೇ ಗೊತ್ತು" ಎನ್ನುತ್ತಿದ್ದ. ಮೂವತ್ತು ವರ್ಷ ದಿನವೂ ಶಿರಾದಿಂದ ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿನಲ್ಲಿ ಹಿಂದಿರುಗಿದ. ಸದ್ದು ಕೇಳಿ ರೋಗ ಹೇಳುವುದರಲ್ಲಿ ಅವನನ್ನು ಮೀರಿಸುವವರು ನಾಲ್ಕು ತಾಲೂಕಿನಲ್ಲಿರಲಿಲ್ಲ. ಒಮ್ಮೆ ಪುರವರದ ಕಡೆಯ ಲಾರಿಯೊಂದು ಷೆಡ್ಡಿನ ಮುಂದೆ ಬಂದು ನಿಂತಾಗ ಅವನು ಎದುರಿನ ಹೋಟೆಲಿನೊಳಗೆ ರಸ್ತೆಗೆ ಬೆನ್ನು ಹಾಕಿ ಕೂತಿದ್ದ. ತಿರುಗಿಯೂ ನೋಡದೆ ಕೂಗಿ ಹೇಳಿದ: "ಎಡಗಡೆ ಚಕ್ರದ ಹತ್ರ ಸ್ಟೇರಿಂಗ್ ಬಾಲ್ ಸವ್ದೈತೆ. ಅಲ್ಲೇ ನಿಲ್ಸ್ಕಳಪ್ಪ, ಟೀ ಮುಗಿಸ್ಕಂಡು ಬತ್ತೀನಿ." ಡ್ರೈವರು ಲಾರಿಗೆ ಕೈಮುಗಿಯಬೇಕೋ ಇವನಿಗೆ ಮುಗಿಯಬೇಕೋ ತಿಳಿಯದೆ ನಿಂತಿದ್ದ.

ಆ ಕಿವಿ ಹೋಯಿತು. ಮೂರು ವರ್ಷದ ಹಿಂದೆ ಒಂದು ದಿನ ಷೆಡ್ಡಿನ ತಗಡಿನ ಮೇಲೆ ಒಂದು ಕಾಗೆ ಕೂತು, ಕೊಕ್ಕು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿತ್ತು. ಕಾಗೆಗೆ ಏನೋ ರೋಗ ಎಂದುಕೊಂಡ. ಎದುರಿನ ಹೋಟೆಲಿನವನು ಕಲ್ಲು ಬೀಸಿ ಅದನ್ನು ಓಡಿಸಿ, ತನ್ನ ಎರಡೂ ಕಿವಿಗಳನ್ನು ಉಜ್ಜಿಕೊಂಡಾಗ ಯೂನುಸನಿಗೆ ತಿಳಿಯಿತು. ಕಾಗೆ ಕೂಗುತ್ತಿತ್ತು.

ಮನೆಯಲ್ಲಿ ಹೆಂಡತಿ ರಹಮತ್ ಬಿ ಅದನ್ನು ತಾನಾಗಿಯೇ ಕಂಡುಕೊಂಡಳು. ಒಂದು ಸಂಜೆ ಅವನ ಬೆನ್ನ ಹಿಂದೆ ಸ್ಟೀಲಿನ ತಟ್ಟೆಯೊಂದು ಕೈಜಾರಿ ಬಿತ್ತು. ಅವನು ಕದಲಲಿಲ್ಲ. ಅವಳು ಬೇಕೆಂದೇ ಇನ್ನೊಂದನ್ನು ಬೀಳಿಸಿದಳು. ಆಮೇಲೆ ಎದುರಿಗೆ ಬಂದು ಕೂತು ಅವನ ಮುಖವನ್ನೇ ನೋಡಿದಳು. "ಯಾರಿಗೂ ಹೇಳಬೇಡ" ಎಂದ ಯೂನುಸ್. "ಕಿವುಡನ ಕೈಗೆ ಯಾರು ಬಂಡಿ ಕೊಡ್ತಾರೆ?" ಅವಳು ಹೇಳಲಿಲ್ಲ. ಮಾತಾಡುವಾಗ ಅವನೆದುರಿಗೆ ಬಂದು ನಿಧಾನವಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡಳು, ಅಷ್ಟೇ.

ಅವನೂ ಉಪಾಯಗಳನ್ನು ಕಲಿತ. ಗಿರಾಕಿಯ ತುಟಿ ನೋಡಿ ಮಾತು ತಿಳಿಯುವುದು. ಅಂಗೈಯನ್ನು ಸ್ಟೇರಿಂಗಿನ ಮೇಲಿಟ್ಟು ನಡುಕ ಹುಡುಕುವುದು. "ಎಲ್ಲಿಂದ ಬರ್ತದೆ ನೀನೇ ಹೇಳು, ನಿನ್ನ ಕಿವಿ ಹೆಂಗೈತೆ ನೋಡಾಣ" ಎಂದು ಗಿರಾಕಿಗೇ ಪರೀಕ್ಷೆ ಒಡ್ಡುವುದು. ಆಮೇಲೆ ಮೊದಲಿನಂತೆಯೇ ಕಣ್ಣು ಮುಚ್ಚಿ ತಲೆ ಓರೆ ಮಾಡಿ ನಿಲ್ಲುತ್ತಿದ್ದ. ಆ ಹೊತ್ತಿನಲ್ಲಿ ಅವನೊಳಗೆ ಬಾವಿಯ ತಳದಂಥ ನಿಶ್ಶಬ್ದ. ಹತ್ತರಲ್ಲಿ ಎಂಟು ಬಂಡಿಗಳ ರೋಗವನ್ನು ಕೈ ಹೇಳುತ್ತಿತ್ತು. ಉಳಿದ ಎರಡನ್ನು ಅನುಭವದಿಂದ ಊಹಿಸುತ್ತಿದ್ದ. ಮೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಇನ್ನು ಕದರಪ್ಪ. ಪಾವಗಡದ ಆಚೆಯವನು, ಮಿಡಿಗೇಶಿಗೆ ಮನೆಅಳಿಯನಾಗಿ ಬಂದು ನಿಂತವನು. ಮಿಡಿಗೇಶಿ ಮಧುಗಿರಿ ನಡುವೆ ಪ್ಯಾಸೆಂಜರ್ ಜೀಪು ಓಡಿಸಿಕೊಂಡಿದ್ದ. ಒಂಬತ್ತು ವರ್ಷದ ಹಿಂದೆ ಅದರಲ್ಲಿ ಒಂದು ಹೆಣ ತರಬೇಕಾಗಿ ಬಂತು. ಆಮೇಲೆ ಅದನ್ನು ಮೂರು ಸಲ ತೊಳೆಸಿ ಹೋಮ ಮಾಡಿಸಿದರೂ ಜನ ಹತ್ತಲಿಲ್ಲ. ಹತ್ತದಿದ್ದರೆ ಬೇಡ ಎಂದು ಅವನು ಹೆಣವನ್ನೇ ಸಾಗಿಸತೊಡಗಿದ. ಆಸ್ಪತ್ರೆಯಿಂದ ಊರುಗಳಿಗೆ, ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಯಾವ ಮೂಲೆಗಾದರೂ.

ಆ ಕಡೆಯ ಹಳ್ಳಿಗಳಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತು. ವಯಸ್ಸಾಗಿ ಸತ್ತವರಿಗೆ ಏನೂ ಇಲ್ಲ. ಅಕಾಲದಲ್ಲಿ ಹೋದವರ ಹೆಣ ಇಳಿಸಿದ ಮೇಲೆ, ಆ ಮನೆಯ ಹಿರಿಯರೊಬ್ಬರು ಬಂದು ಜೀಪಿನ ಸ್ಟೇರಿಂಗಿನಿಂದ ಕೆಳಗಿಳಿಯುವ ರಾಡಿಗೆ ಒಂದು ಕರಿದಾರ ಕಟ್ಟುತ್ತಾರೆ. ಹೋದವರು ಬಂದ ಬಂಡಿಯಲ್ಲೇ ಮತ್ತೆ ಹೊರಟುಬಿಡದಿರಲಿ ಎಂದು. ಆ ದಾರವನ್ನು ಕತ್ತರಿಸಬಾರದು. ಬಿಚ್ಚಿದರೆ ಮತ್ತೆ ಕಟ್ಟಲೇಬೇಕು. ಹಾಗೆ ಮತ್ತೆ ಕಟ್ಟುವಾಗ ಹೆಣ ಹೊತ್ತ ಬಂಡಿಯವನಾಗಲಿ ಅವನ ಮನೆಯವರಾಗಲಿ ಕಟ್ಟಬಾರದು.

ಹೆಣ ಇಳಿಸಿ ಒಬ್ಬನೇ ಹಿಂದಿರುಗುವಾಗ ಕದರಪ್ಪ ಹಿಂದಿನ ಖಾಲಿ ಜಾಗದ ಜೊತೆ ಮಾತಾಡುತ್ತಿದ್ದ. ಭಯಕ್ಕೋ, ಬೇಸರಕ್ಕೋ. ಆರು ತಿಂಗಳ ಹಿಂದೆ ತಾವರೆಕೆರೆಯಿಂದ ಬರುವಾಗ, ಮಟಮಟ ಮಧ್ಯಾಹ್ನ, "ಈ ಸಲಾನೂ ಮಳೆ ಬರಾಂಗಿಲ್ಲ ಅಂತೀನಿ" ಎಂದ. ರಸ್ತೆ ಎಡಕ್ಕೆ ತಿರುಗಿತು. ಸ್ಟೇರಿಂಗ್ ರಾಡಿನೊಳಗಿಂದ ಯಾರೋ "ಹೂಂ" ಎಂದರು.

ಕಬ್ಬಿಣದ ಸದ್ದಲ್ಲ ಅದು. ಬಾಯಿ ಮುಚ್ಚಿಕೊಂಡು ಎದೆಯಿಂದ ಹೊರಡಿಸುವಂಥದ್ದು. ಕಥೆ ಕೇಳುವವರು ನಡುನಡುವೆ ಹೂಂಗುಟ್ಟುತ್ತಾರಲ್ಲ, ಹಾಗೆ. ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದದ್ದು ಬರಬರುತ್ತಾ ಪ್ರತಿ ತಿರುವಿನಲ್ಲೂ ಬರತೊಡಗಿತು. ಎರಡು ಗ್ಯಾರೇಜಿನವರು ಸ್ಟೇರಿಂಗಿನ ಮೇಲ್ತುದಿಗೆ ಗ್ರೀಸು ತುಂಬಿ ಕಳಿಸಿದರು. ಕೆಳಗೆ ದಾರ ಸುತ್ತಿದ್ದ ಕಡೆ ಇಬ್ಬರೂ ಕೈ ಹಾಕಲಿಲ್ಲ.

ಯೂನುಸ್ ಸಾಯುವುದಕ್ಕೆ ಹತ್ತು ದಿನ ಮುಂಚೆ ಕದರಪ್ಪ ಅವನ ಷೆಡ್ಡಿಗೆ ಬಂದ. ಮಧುಗಿರಿಯ ಬಿಸಿಲಿಗೆ ಬೀದಿನಾಯಿಗಳು ಯಾವ ಬಂಡಿ ನಿಂತರೂ ಅದರ ಕೆಳಗೆ ನುಗ್ಗಿ ಮಲಗುತ್ತವೆ. ಈ ಜೀಪು ನಿಂತಾಗ ಪಕ್ಕದ ಟ್ರ್ಯಾಕ್ಟರಿನಡಿ ಮಲಗಿದ್ದ ನಾಯಿ ಎದ್ದು ಬೆಟ್ಟದ ಬಂಡೆಯ ಕಡೆಗೆ ಹೊರಟುಹೋಯಿತು.

"ಯೂನುಸಣ್ಣ, ಮಾತಾಡ್ಸುದ್ರೆ ಹೂಂ ಅಂತೈತಣ್ಣ ಇದು. ದೇವುಡಾ, ನನ್ನಾಣೆ" ಎಂದ ಕದರಪ್ಪ.

ಯೂನುಸ್ ತುಟಿ ಓದಿ ನಕ್ಕ. "ನಿನ್ ಹೆಂಡ್ತಿ ಅನ್ನಲ್ಲ, ಜೀಪಾದ್ರೂ ಅಂತದಲ್ಲ ಬುಡು."

ಹತ್ತಿ ಕೂತು ಕಣ್ಣು ಮುಚ್ಚಿದ. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಪಕ್ಕದಲ್ಲಿ ನಿಂತಿದ್ದ ಕದರಪ್ಪ ಬೆಚ್ಚಿ ಹಿಂದೆ ಸರಿದದ್ದನ್ನು ಅವನು ನೋಡಲಿಲ್ಲ. ಕಿವಿಗೆ ಏನೂ ಇಲ್ಲ. ಕೈಗೂ ಏನೂ ಇಲ್ಲ, ರಾಡು ಬಟ್ಟೆಯಲ್ಲಿ ಸುತ್ತಿದ ಹಾಗೆ ಮೆತ್ತಗಿತ್ತು. ಸದ್ದು ಯಾವ ಕಡೆಯಿಂದ ಎಂದು ಕೇಳಿದರೆ ಕದರಪ್ಪ ಬರೀ ಖಾಲಿ ಸೀಟನ್ನು ತೋರಿಸಿದ. ಯೂನುಸನಿಗೆ ಊಹಿಸಲು ಒಂದು ಎಳೆಯೂ ಸಿಗಲಿಲ್ಲ. ನನಗೆ ಕೇಳುತ್ತಿಲ್ಲ ಎನ್ನುವ ಮಾತು ನಾಲಿಗೆಯವರೆಗೂ ಬಂದಿತ್ತು.

"ಸದ್ದೇ ಇಲ್ವಲ್ಲಯ್ಯಾ ಕದ್ರಪ್ಪ" ಎಂದ. "ನಿನ್ನ ಕಿವೀಲೈತೆ ಸದ್ದು. ಹೋಗಿ ಎಣ್ಣೆ ಬುಟ್ಕೋ."

"ನಿಂಗೆ ಕೇಳ್ಸ್ಲಿಲ್ವಾ? ಈಗ್ಲೂ ಹೂಂ ಅಂತಲ್ಲ!"

"ಇಲ್ಲ ಅಂದ್ನಲ್ಲ."

ಕದರಪ್ಪನ ಮುಖ ಬೂದಿಯಾಯಿತು. ಜೀಪು ಹತ್ತಿ ಹೊರಟುಹೋದ. ಅವನು ಯಾಕೆ ಹಾಗಾದ ಎಂಬುದು ಯೂನುಸನಿಗೆ ಗೊತ್ತಾದದ್ದು ಹತ್ತು ದಿನದ ಮೇಲೆ, ಬುಧವಾರ ಬೆಳಿಗ್ಗೆ, ಅದೇ ಜೀಪು ಮತ್ತೆ ಬಂದು ನಿಂತಾಗ.

ಈ ಸಲ ಮೊದಲು ಇಳಿದವಳು ಕದರಪ್ಪನ ಹೆಂಡತಿ ಸರಸಮ್ಮ. ಕದರಪ್ಪ ಇಳಿಯಲೇ ಇಲ್ಲ. ಗಡ್ಡ ಬಿಟ್ಟಿದ್ದ, ಕೆನ್ನೆ ಒಳಕ್ಕೆ ಹೋಗಿತ್ತು. ಮದುವೆಮನೆಯಲ್ಲಿ ಕರೆಯಿಲ್ಲದೆ ಬಂದವನಂತೆ ಸೀಟಿನಂಚಿನಲ್ಲಿ ಮುದುಡಿ ಕೂತಿದ್ದ.

"ಏನ್ ಹೇಳಿ ಕಳಿಸ್ದೆ ಮಿಸ್ತ್ರಿ, ನಮ್ಮನೇರ್ಗೆ?" ಸರಸಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ ಬಂದಳು. "ಊಟ ಬುಟ್ಟವ್ರೆ. ಕೈಗಡಿಯಾರ ಬಿಚ್ಚಿ ನಮ್ಮಣ್ಣನ ಕೈಗೆ ಕಟ್ಬುಟ್ಟವ್ರೆ. ಕೇಳುದ್ರೆ, ಯೂನುಸಣ್ಣಂಗೇ ಕೇಳ್ಸ್ದಿದ್ ಸದ್ದು ನಂಗೊಬ್ಬಂಗೇ ಕೇಳ್ತೈತೆ, ಅದು ನಂಗ್ ಬಂದಿರೋ ಕರೆ ಅಂತಾರೆ. ಅವ್ರಜ್ಜಿ ಯಾವ್ದೋ ಕಾಲ್ದಲ್ಲಿ ಹೇಳಿದ್ಲಂತೆ, ಒಬ್ರಿಗೇ ಕೇಳೋ ಸದ್ದು ಒಬ್ರನ್ನೇ ಕರೆಯೋದು ಅಂತ. ಮೊನ್ನೆ ಮಿಡಿಗೇಶಿ ದಿಣ್ಣೆ ಇಳೀತಾ ಸ್ಟೇರಿಂಗ್ ಬುಟ್ಟು ಕೈ ಮುಗ್ಕಂಡು ಕುಂತವ್ರೆ ಕಣಪ್ಪ! ನಾನು ಪಕ್ಕದಲ್ಲಿರದಿದ್ರೆ?"

ಅವಳು ಬೇಗಬೇಗ ಆಡಿದ ಮಾತಿನಲ್ಲಿ ಅರ್ಧ ಮಾತ್ರ ಯೂನುಸನಿಗೆ ಸಿಕ್ಕಿತು. ಸಿಕ್ಕಷ್ಟೇ ಸಾಕಾಗಿತ್ತು.

"ನಿಂಗೆ ಕೇಳ್ಸ್ತದೇನಮ್ಮ?" ಎಂದ.

"ನಾನೇನ್ ಕಿವುಡೀನಾ? ಊರಿಗೇ ಕೇಳ್ಸ್ತದೆ!"

"ಅವ್ನಿಗೆ ಹೇಳ್ಲಿಲ್ವಾ?"

"ಹೇಳ್ದೆ. ನೀನು ಸಮಾಧಾನಕ್ಕೆ ಸುಳ್ಳೇಳ್ತೀಯ ಅಂತಾರೆ. ಯೂನುಸಣ್ಣನ ಕಿವಿ ಸುಳ್ಳೇಳಲ್ವಂತೆ."

ಯೂನುಸ್ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಬೆಂಚಿನ ಮೇಲಿಟ್ಟ. ಬೆಳಗ್ಗಿನಿಂದ ಎಡಗೈ ಜೋಮು ಹಿಡಿದಂತಿತ್ತು, ಅದನ್ನು ಎರಡು ಸಲ ಕೊಡವಿದ. ಎದುರಿನ ಹೋಟೆಲಿನಲ್ಲಿ ನಾಲ್ಕು ಜನ ಡ್ರೈವರುಗಳು ಟೀ ಕುಡಿಯುತ್ತಿದ್ದರು. ಅವರಿಗೆ ಕೇಳಿಸುವಂತೆ ಹೇಳಿದನೋ, ತನ್ನ ದನಿ ಎಷ್ಟು ದೊಡ್ಡದು ಎಂಬುದು ಅವನಿಗೆ ಗೊತ್ತಾಗಲಿಲ್ಲವೋ, ಅಂತೂ ರಸ್ತೆಗೆಲ್ಲ ಕೇಳಿಸಿತು.

"ಕದ್ರಪ್ಪ, ಇಲ್ಲಿ ನೋಡು. ನಂಗೆ ಕಿವಿ ಕೇಳ್ಸಲ್ಲ. ಮೂರು ವರ್ಷ ಆಯ್ತು. ನಿನ್ ಜೀಪಿನ್ ಸದ್ದೂ ಕೇಳ್ಸಲ್ಲ, ನಿನ್ ಮಾತೂ ಕೇಳ್ಸಲ್ಲ. ಅವತ್ತು ಸುಳ್ಳೇಳ್ದೆ."

ಡ್ರೈವರೊಬ್ಬನ ಕೈಯಲ್ಲಿ ಲೋಟ ಹಾಗೇ ನಿಂತಿತು. ಕದರಪ್ಪ ನಿಧಾನಕ್ಕೆ ತಲೆಯೆತ್ತಿದ.

"ಸುಮ್ಕೆ ಅಂತೀಯ. ಇವ್ಳು ಹೇಳ್ಕೊಟ್ಟವ್ಳೆ."

"ತಿರುಕ್ಕೊಂಡು ಬೈಯಿ ನನ್ನ. ಏನಂದೆ ಅಂತ ನಾನ್ ಹೇಳಿದ್ರೆ ಮೀಸೆ ಬೋಳಿಸ್ಕತೀನಿ."

ಕದರಪ್ಪ ಮುಖ ತಿರುಗಿಸಿಕೊಂಡು ಒಂದು ಬೈಗುಳ ಆಡಿದ. ತೆಲುಗಿನದು, ಹೋಟೆಲಿನವರೂ ಮುಖ ಮುಖ ನೋಡಿಕೊಳ್ಳುವಂಥದ್ದು. ಯೂನುಸ್ ಒಬ್ಬನೇ ಏನೂ ಆಗದವನಂತೆ ಕಾಯುತ್ತ ನಿಂತಿದ್ದ. ಅದನ್ನು ನೋಡಿ ಕದರಪ್ಪನ ಬಾಯಿ ತೆರೆದುಕೊಂಡಿತು. ಸರಸಮ್ಮ ಸೆರಗು ಬಾಯಿಗೆ ಒತ್ತಿ ಅಲ್ಲೇ ಕೂತುಬಿಟ್ಟಳು.

"ಮತ್ತೆ ಹೆಂಗೆ ಕಂಡುಹಿಡೀತೀಯ?" ಎಂದು ಕೊನೆಗೆ ಕದರಪ್ಪ ಕೇಳಿದ.

ಯೂನುಸ್ ಷೆಡ್ಡಿನ ಹಿಂದಕ್ಕೆ ಹೋಗಿ ಬೇಲಿಯಿಂದ ಒಂದು ಜಾಲಿ ಕಡ್ಡಿ ಮುರಿದು ತಂದ. ಮುಳ್ಳು ಸವರಿ, ತೊಗಟೆ ಹೆರೆದು, ಒಂದು ತುದಿಯನ್ನು ಹಲ್ಲಿಗಿಟ್ಟುಕೊಂಡ. ಆಗ, ಕಡ್ಡಿಯ ಕಹಿ ನಾಲಿಗೆಗೆ ತಾಗಿದ ಗಳಿಗೆಯಲ್ಲಿ, ಕರೀಮ್ ಸಾಬರ ಆಟ ಅವನಿಗೆ ಅರ್ಥವಾಯಿತು. ಜೀವಮಾನವೆಲ್ಲ ಕಬ್ಬಿಣ ಬಡಿದ ಅಪ್ಪ. ಅಪ್ಪನಿಗೂ ಕೇಳುತ್ತಿರಲಿಲ್ಲ.

ಕದರಪ್ಪನನ್ನು ಸ್ಟೇರಿಂಗ್ ತಿರುಗಿಸುತ್ತಿರುವಂತೆ ಹೇಳಿ, ಕಡ್ಡಿಯ ಇನ್ನೊಂದು ತುದಿಯನ್ನು ಸ್ಟೇರಿಂಗಿನ ಮೇಲ್ತುದಿಗೆ ಆನಿಸಿದ. ದೂರದ ಬೆಟ್ಟದಾಚೆ ಯಾರೋ ಹೂಂ ಎಂದಂತಾಯಿತು. ಮೂರು ವರ್ಷದ ಮೇಲೆ ಅವನು ಕೇಳಿದ ಮೊದಲ ಸದ್ದು. ಕಡ್ಡಿಯನ್ನು ರಾಡಿನ ನಡುವಿಗೆ ತಂದ. ಹೂಂ, ಈಗ ಪಕ್ಕದ ಕೋಣೆಯಿಂದ. ಕಾಲ ಹತ್ತಿರ, ನೆಲದ ತಗಡಿನ ಬಳಿಗೆ ತಂದ. ಹೂಂ, ಬಾಗಿಲಲ್ಲೇ ನಿಂತವರದು. ಕೊಳವೆಯಲ್ಲಿ ಬರುವ ದನಿಯಂತೆ ಅದು ಕೆಳಗೆಲ್ಲೋ ಹುಟ್ಟಿ ಮೇಲಕ್ಕೆ ಹತ್ತಿಬರುತ್ತಿತ್ತು. ಮೇಲೆ ಗ್ರೀಸು ತುಂಬಿದವರೆಲ್ಲ ಮನೆಯವನನ್ನು ಬಿಟ್ಟು ನೆರಳಿಗೆ ಊಟ ಬಡಿಸಿದ್ದರು.

ಜೀಪಿನಡಿಗೆ ಗೋಣಿಚೀಲ ಹಾಸಿ ಒಳಗೆ ತೂರಿದ. ನೆಲದ ತಗಡಿನ ತೂತಿನಿಂದ ರಾಡು ಇಳಿದು, ಸ್ಟೇರಿಂಗ್ ಬಾಕ್ಸಿನ ಕಡೆಗೆ ಬಾಗುವ ಜಾಗದಲ್ಲಿ ಒಂದು ಕೀಲಿರುತ್ತದೆ. ಅದನ್ನು ಕ್ರಾಸ್ ಎನ್ನುತ್ತಾರೆ. ನಾಲ್ಕು ತೋಳಿನ ಒಂದು ತುಂಡು, ಒಂದೊಂದು ತೋಳಿಗೂ ಉಕ್ಕಿನ ಪುಟ್ಟ ಬಟ್ಟಲು, ಬಟ್ಟಲು ಕಳಚದಂತೆ ಒಂದೊಂದು ಲಾಕು. ಆ ಕ್ರಾಸ್ ಅಲ್ಲಿ ಕಾಣಲೇ ಇಲ್ಲ. ಅದರ ಜಾಗದಲ್ಲಿ ಕಣಜದ ಗೂಡಿನಂಥ ಒಂದು ಕಪ್ಪು ಉಂಡೆ ಇತ್ತು. ತೂತಿನ ರಬ್ಬರು ಯಾವತ್ತೋ ಕಿತ್ತುಹೋಗಿತ್ತು. ಒಂಬತ್ತು ವರ್ಷದಿಂದ ರಾಡಿನ ಮೇಲ್ಭಾಗಕ್ಕೆ ಕಟ್ಟಿದ ದಾರಗಳೆಲ್ಲ ಎಣ್ಣೆ, ಧೂಳು ಕುಡಿದು ಭಾರವಾಗಿ, ಜಾರಿ ಜಾರಿ ಕೆಳಗೆ ಬಂದು, ಸ್ಟೇರಿಂಗ್ ತಿರುಗಿದಂತೆ ತಾವೂ ತಿರುಗಿ, ಕ್ರಾಸಿನ ಸುತ್ತ ಹೊಸೆದುಕೊಂಡಿದ್ದವು.

ಕಡ್ಡಿಯನ್ನು ಆ ಉಂಡೆಗೆ ಆನಿಸಿದ. ಹೂಂ ಎನ್ನುವುದು ಅವನ ತಲೆಬುರುಡೆಯನ್ನು ತುಂಬಿತು.

ಒಣಗಿ ಸವೆದ ಕ್ರಾಸ್ ಕಟಕಟ ಎನ್ನಬೇಕು. ಇದು ದಾರದ ಹೊದಿಕೆಯಡಿಯಲ್ಲಿ ನರಳುತ್ತಿತ್ತು. ಆದ್ದರಿಂದಲೇ ಯಾರಿಗೂ ಗುರುತು ಸಿಕ್ಕಿರಲಿಲ್ಲ. ಯೂನುಸ್ ಹೊರಗೆ ಬಂದು ದಾರಗಳನ್ನು ತೆಗೆಯಬೇಕು ಎಂದಾಗ ಕದರಪ್ಪ ಸ್ಟೇರಿಂಗನ್ನು ಅವುಚಿಕೊಂಡ.

"ಕತ್ರುಸ್ಬೇಡ ಯೂನುಸಣ್ಣ, ನಿನ್ ಕಾಲಿಗ್ ಬೀಳ್ತೀನಿ."

"ಬಿಚ್ತೀನಿ. ಒಂದೊಂದಾಗಿ."

"ಮತ್ತೆ ಕಟ್ಬೇಕು. ನಾವು ಕಟ್ಟಂಗಿಲ್ಲ."

"ನಾನೇ ಕಟ್ತೀನಿ ಅಂತ ಬರ್ಕೊಡ್ಲಾ?" ಎಂದು ನಕ್ಕು ಮತ್ತೆ ಕೆಳಗೆ ತೂರಿದ.

ಸೀಮೆಎಣ್ಣೆ ಹನಿಸಿ ಮೆದುವಾದ ಗಂಟುಗಳನ್ನು ದಬ್ಬಳದ ಮೊನೆಯಲ್ಲಿ ಬಿಡಿಸತೊಡಗಿದ. ಬಿಚ್ಚಿದ ಒಂದೊಂದು ದಾರಕ್ಕೂ ಸರಸಮ್ಮ ಷೆಡ್ಡಿನ ಕದದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಎಷ್ಟು ಬಿಚ್ಚಿದೆವೋ ಅಷ್ಟೂ ಮತ್ತೆ ಏರಬೇಕು ಎಂದು. ಕಡ್ಡಿ ಯೂನುಸನ ಹಲ್ಲಿನಲ್ಲೇ ಇತ್ತು, ಇನ್ನೊಂದು ತುದಿ ರಾಡಿಗೆ ತಾಗಿತ್ತು. ಮೇಲೆ ಕದರಪ್ಪ ಹತ್ತು ದಿನದ ಸುಸ್ತಿಗೆ ಹಣೆಯನ್ನು ಸ್ಟೇರಿಂಗಿನ ಮೇಲೆ ಒತ್ತಿಟ್ಟುಕೊಂಡು, ಕೆಳಗಿನಿಂದ ಬರುವ ಒಂದೊಂದು ದಾರವನ್ನೂ ನೋಡಿ ಏನೋ ಗೊಣಗುತ್ತಿದ್ದ.

ಆ ಗೊಣಗು ರಾಡಿನಲ್ಲಿ ಇಳಿದು, ಕಡ್ಡಿಯಲ್ಲಿ ಹರಿದು, ಯೂನುಸನ ಹಲ್ಲಿಗೆ ಬಂತು. ಮಾತು! ಮೂರು ವರ್ಷದಿಂದ ಒಂದು ಮನುಷ್ಯದನಿ ಕೇಳಿರದವನಿಗೆ ಅಕ್ಷರ ಅಕ್ಷರವೂ ಕೇಳಿಸಿತು.

"ಪುರವರದ ಹುಡ್ಗ. ಬೈಕು."

ಕಡ್ಡಿ ಕಚ್ಚಿದ ಬಾಯಿಂದ ಬೇರೆ ಮಾತು ಹೊರಡುವಂತಿರಲಿಲ್ಲ. ಯೂನುಸ್ ಹೇಳಿದ: "ಹೂಂ."

ಕದರಪ್ಪನ ಹಣೆಗೆ ಅದು ತಾಗಿತು. ಅವನು ಬೆಚ್ಚಲಿಲ್ಲ.

"ತಾವರೆಕೆರೆ ಹೆಂಗ್ಸು. ಬಾವಿ. ಸೀರೇಲಿ ಇನ್ನಾ ನೀರಿತ್ತು."

"ಹೂಂ."

"ಕೊರಟಗೆರೆ ಮೇಷ್ಟ್ರು. ಅವ್ರಮ್ಮ ಕಟ್ಟಿದ್ದು. ಕೈ ನಡುಗಿ ನಡುಗಿ ಗಂಟೇ ಬೀಳ್ತಿರ್ಲಿಲ್ಲ."

"ಹೂಂ."

ಬಿಸಿಲು ಏರಿ ಜೀಪಿನ ನೆರಳು ಚಕ್ರದ ಬುಡಕ್ಕೆ ಬಂತು. ಹೋಟೆಲಿನಲ್ಲಿ ಕೂತವರು ಎದ್ದು ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ. ಅವರಿಗೆ ಕಂಡದ್ದು ಇಷ್ಟು: ಜೀಪಿನ ಮೇಲೊಬ್ಬ ಹಣೆ ಊರಿ ಸತ್ತವರನ್ನು ಕರೆಯುತ್ತಿದ್ದಾನೆ, ಜೀಪಿನ ಅಡಿಯಿಂದ ಒಬ್ಬ ಎಲ್ಲದಕ್ಕೂ ಓಗೊಡುತ್ತಿದ್ದಾನೆ. ಕದದ ಮೇಲೆ ಗೆರೆಗಳು ಐದೈದರ ಕಟ್ಟಾಗಿ ಬೆಳೆದವು. ಎಂಬತ್ತು, ಎಂಬತ್ತೈದು, ಎಂಬತ್ತಾರು.

ಕೊನೆಗೆ ಒಂದೇ ಉಳಿಯಿತು. ಎಲ್ಲಕ್ಕಿಂತ ಒಳಗಿನದು, ಎಲ್ಲಕ್ಕಿಂತ ಹಳೆಯದು. ಯೂನುಸ್ ದಬ್ಬಳ ಹಿಡಿದು ಕಾದ. ಸೀಮೆಸುಣ್ಣ ಹಿಡಿದಿದ್ದ ಸರಸಮ್ಮ ಕದದ ಕಡೆಗೆ ಮುಖ ತಿರುಗಿಸಿ ನಿಂತಳು.

"ನಮ್ ಮಗ್ಳು, ಮಧುಶ್ರೀ" ಎಂದ ಕದರಪ್ಪ. "ಹಾವು. ಆಸ್ಪತ್ರೆಯಿಂದ ಊರಿಗೆ ತರಕ್ಕೆ ಒಂದ್ ಬಂಡೀನೂ ಬರ್ಲಿಲ್ಲ. ಅದ್ಕೇ ಇದ್ರಲ್ಲೇ ತಂದೆ. ನಮ್ಮಾವ ಕಟ್ಟಿದ್ದು ಇದು."

ಒಂಬತ್ತು ವರ್ಷದ ಹಿಂದಿನ ಆ ಮೊದಲ ಹೆಣ ಯಾರದೆಂದು ಯೂನುಸ್ ಯಾವತ್ತೂ ಕೇಳಿರಲಿಲ್ಲ. ದಬ್ಬಳ ಕೆಳಗಿಟ್ಟು, ಉಗುರಿನಲ್ಲೇ ಮೆಲ್ಲಗೆ ಗಂಟು ಬಿಡಿಸಿದ. ದಾರ ಸಡಿಲವಾದ ಕೂಡಲೇ ಕ್ರಾಸಿನ ಒಂದು ಬಟ್ಟಲು ತಾನಾಗಿಯೇ ಕಳಚಿ ಅವನ ಎದೆಯ ಮೇಲೆ ಬಿತ್ತು.

ಅದರ ಲಾಕು ಇರಲಿಲ್ಲ. ಯಾವ ರಸ್ತೆಯಲ್ಲಿ ಬಿದ್ದುಹೋಗಿತ್ತೋ, ಎಷ್ಟು ತಿಂಗಳಾಗಿತ್ತೋ. ಯೂನುಸ್ ಹೊರಗೆ ಬಂದು ಬಟ್ಟಲನ್ನೂ ದಾರವನ್ನೂ ಅಂಗೈಯಲ್ಲಿಟ್ಟು ತೋರಿಸಿದ. ಇದು ಕಳಚಿದ್ದರೆ ಕೈಯಲ್ಲಿ ಸ್ಟೇರಿಂಗ್ ಇರುತ್ತಿತ್ತು, ಚಕ್ರ ಮಾತು ಕೇಳುತ್ತಿರಲಿಲ್ಲ.

"ಮತ್ತೆ ಇಷ್ಟ್ ದಿನ ಹೆಂಗ್ ನಿಂತಿತ್ತಣ್ಣ?" ಎಂದು ಕದರಪ್ಪ ಅವನೆದುರಿಗೆ ಮುಖವಿಟ್ಟು ಕೇಳಿದ.

"ಇವ್ರು ಹಿಡ್ಕಂಡಿದ್ರು" ಎಂದ ಯೂನುಸ್.

ಸರಸಮ್ಮ ಆ ಒಂದು ದಾರವನ್ನು ಅವನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಉಳಿದವುಗಳ ಮೇಲಿಟ್ಟಳು. ಎಂಬತ್ತೇಳನೆಯ ಗೆರೆ ಎಳೆದಳು.

ಹೊಸ ಕ್ರಾಸ್ ಕೂರಿಸಿ, ನಾಲ್ಕೂ ಲಾಕು ಹಾಕಿ, ಗ್ರೀಸು ತುಂಬಲು ಒಂದು ಗಂಟೆ ಹಿಡಿಯಿತು. ದಾರಗಳು ಇನ್ನು ಕೆಳಗೆ ಜಾರದಂತೆ, ಹಳೇ ಟ್ಯೂಬು ಕತ್ತರಿಸಿ ನೆಲದ ತೂತಿಗೆ ಬಿಗಿಯಾಗಿ ರಬ್ಬರು ಹಾಕಿದ. ಕದರಪ್ಪ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದ. ಯೂನುಸ್ ಕಡ್ಡಿ ಕಚ್ಚಿ ಮೇಲಿನಿಂದ ಕೆಳಗಿನವರೆಗೂ ಆಲಿಸಿದ. ಏನೂ ಇಲ್ಲ. ಕಡ್ಡಿಯನ್ನು ಬಾಯಿಂದ ತೆಗೆದು ಜೇಬಿನಲ್ಲಿ ಸಿಕ್ಕಿಸಿಕೊಂಡ.

"ಹೋಗಿ ಉಣ್ಣು" ಎಂದ. "ನೀನುಣ್ಣೋದ್ನ ಅವ್ಳು ನೋಡ್ಲಿ. ಬರೋ ಅಷ್ಟ್ರಲ್ಲಿ ಕಟ್ಟಿರ್ತೀನಿ."

"ನೀನೂ ಬಾ."

"ಮಾತು ಕೊಟ್ಟಿವ್ನಿ. ನೀನ್ ನಡಿ."

ಗಂಡ ಹೆಂಡತಿ ರಸ್ತೆ ದಾಟಿ ಹೋಟೆಲಿಗೆ ಹೋದರು. ಕದರಪ್ಪ ಮೂರು ಮುದ್ದೆ ಉಂಡನಂತೆ. ಸರಸಮ್ಮ ತನ್ನದನ್ನೂ ಅವನ ತಟ್ಟೆಗೇ ಹಾಕಿದಳಂತೆ.

ಯೂನುಸ್ ಜೀಪಿನ ಬಾಗಿಲ ಬಳಿ, ಮೆಟ್ಟಿಲಿಗೆ ಒತ್ತಿಕೊಂಡು ನೆಲದ ಮೇಲೆ ಕೂತು, ದಾರಗಳನ್ನು ಮಡಿಲಿಗೆ ಹಾಕಿಕೊಂಡ. ಎಡಗೈ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಗಂಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಬಲಗೈಯಲ್ಲಿ ಬಿಗಿಯಬೇಕಾಯಿತು. ಮೊದಲು ಮಧುಶ್ರೀಯದನ್ನು ಕಟ್ಟಿದ, ಆಮೇಲೆ ಉಳಿದವರದನ್ನು. ಹೆಸರು ನೆನಪಿದ್ದವರಿಗೆ ಹೆಸರು ಹೇಳಿ, ನೆನಪಿಲ್ಲದವರಿಗೆ ಬರೀ ಹೂಂ ಎಂದು. ಒಂದೊಂದು ಕಟ್ಟಿದಾಗಲೂ ಕೈಚಾಚಿ ಕದದ ಮೇಲಿನ ಒಂದು ಗೆರೆಯನ್ನು ಬೆರಳಿನಿಂದ ಅಳಿಸುತ್ತ ಬಂದ. ನಾಯಿಯೊಂದು ಬಂದು ಜೀಪಿನ ನೆರಳಿನಲ್ಲಿ ಮಲಗಿತು.

ಕೊನೆಯ ಗೆರೆ ಅಳಿಸಿದ ಮೇಲೆ ಕದ ಖಾಲಿಯಾಗಿತ್ತು. ಮಡಿಲಲ್ಲಿ ಇನ್ನೊಂದು ದಾರವಿತ್ತು.

ಲೆಕ್ಕ ತಪ್ಪಿರಬೇಕು ಎಂದುಕೊಂಡ. ಬಿಸಿಲಿಗೆ ಹಿಡಿದು ನೋಡಿದ. ಉಳಿದವು ಎಣ್ಣೆ ಕುಡಿದು ಗಟ್ಟಿಯಾಗಿದ್ದವು, ಇದು ಹೊಸದರಂತೆ ಮೆತ್ತಗಿತ್ತು, ಧೂಳೂ ಹಿಡಿದಿರಲಿಲ್ಲ. ಯಾರದು ಎಂದು ಕೇಳಲು ಕದರಪ್ಪ ಇರಲಿಲ್ಲ. ಬಿಟ್ಟರೆ ಒಬ್ಬರು ಹೊರಗುಳಿದಂತಾಗುತ್ತದೆ. ಯೂನುಸ್ ಅದನ್ನು ರಾಡಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದ, ಬಾಗಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯಾಗಿ ಎಳೆದ.